ಕೊರಿಯಾದ ಡಬಲ್ಸ್ ಚಾಂಪಿಯನ್, ಜಪಾನಿನ ಗುರು: ಪಾರ್ಕ್ ಜೂ ಬಾಂಗ್ ಮಾಡಿದ್ದೇನು?

ದಾವಣಗೆರೆಯಲ್ಲಿ ಬೆಳಗಿನ ಜಾವ ಎದ್ದು ಶಟಲ್ ಆಡಲು ಹೋಗುವವರು ಕಮ್ಮಿಯೇನಿಲ್ಲ. ಅಂಗಡಿ ಬಾಗಿಲು ತೆಗೆಯುವ ಮುಂಚೆ, ಆಫೀಸಿಗೆ ಹೊರಡುವ ಮುಂಚೆ ಎರಡು ಗೇಮ್ ಆಡಿ ಬೆವರು ಸುರಿಸಿ ಬರುತ್ತಾರೆ. ಇವರಲ್ಲಿ ಮುಕ್ಕಾಲುಪಾಲು ಜನ ಆಡುವುದು ಡಬಲ್ಸ್. ಕೋರ್ಟ್ ಕಮ್ಮಿ, ಕಾಯುವವರು ಜಾಸ್ತಿ. ನಾಲ್ಕು ಜನ ಒಟ್ಟಿಗೆ ಇಳಿದರೆ ಎಲ್ಲರಿಗೂ ಬೇಗ ಸರದಿ ಸಿಗುತ್ತದೆ, ಮಂಡಿಗೂ ಒಳ್ಳೆಯದು.

ಆದರೆ ಟಿವಿ ಮುಂದೆ ಕೂತಾಗ ನಾವು ನೋಡುತ್ತಿದ್ದದ್ದು ಸಿಂಗಲ್ಸ್ ಮಾತ್ರ. ಪ್ರಕಾಶ್ ಪಡುಕೋಣೆ, ಸೈನಾ, ಸಿಂಧು, ಎಲ್ಲರದೂ ಒಂಟಿ ಆಟ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಮತ್ತು ಚಿರಾಗ್ ಶೆಟ್ಟಿ ಬಂದ ಮೇಲೆ ಇದು ಬದಲಾಗಿದೆ. 2023ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, ಅದೇ ವರ್ಷ ವಿಶ್ವದ ನಂಬರ್ ಒನ್ ಪಟ್ಟ, 2025ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಈಗ ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರೂ ಡಬಲ್ಸ್ ಬಗ್ಗೆ ಕೇಳುತ್ತಾರೆ. ಜೊತೆಗೆ ಇನ್ನೊಂದು ಪ್ರಶ್ನೆ ಬರುತ್ತದೆ: ನಮ್ಮ ಹುಡುಗರ ಹಿಂದೆ ಕುರ್ಚಿ ಹಾಕಿಕೊಂಡು ಕೂತಿರುವ ಆ ಪರದೇಶದ ಕೋಚ್ ಯಾರು? ಒಮ್ಮೆ ಮಲೇಷ್ಯಾದವರು, ಒಮ್ಮೆ ಡೆನ್ಮಾರ್ಕಿನವರು. ನಮ್ಮಲ್ಲೇ ಇಷ್ಟು ಜನ ಇರುವಾಗ ಹೊರಗಿನವರು ಯಾಕೆ ಬೇಕು?

ಇದಕ್ಕೆ ಉತ್ತರ ಸಿಗಬೇಕಾದರೆ ಒಬ್ಬ ಮನುಷ್ಯನ ಹಾದಿ ನೋಡಿದರೆ ಸಾಕು. ದಕ್ಷಿಣ ಕೊರಿಯಾದ ಪಾರ್ಕ್ ಜೂ ಬಾಂಗ್. ಅದಕ್ಕೂ ಮುಂಚೆ ಆಟ ಸ್ವಲ್ಪ ಅರ್ಥ ಮಾಡಿಕೊಳ್ಳೋಣ.

ಡಬಲ್ಸ್ ಅಂದರೆ ಇಬ್ಬರ ಸಿಂಗಲ್ಸ್ ಅಲ್ಲ

ಕೋರ್ಟಿನ ಉದ್ದ ಎರಡಕ್ಕೂ ಒಂದೇ, 13.40 ಮೀಟರ್. ಅಗಲ ಸಿಂಗಲ್ಸ್‌ಗೆ 5.18 ಮೀಟರ್, ಡಬಲ್ಸ್‌ಗೆ 6.10 ಮೀಟರ್. ಅಂದರೆ ಆಡುವವರು ಎರಡು ಪಟ್ಟಾದರೂ ಜಾಗ ಒಂದು ಮೀಟರ್ ಕೂಡ ಹೆಚ್ಚಾಗಲಿಲ್ಲ. ಹಾಗಾಗಿ ಖಾಲಿ ಜಾಗ ಸಿಗುವುದೇ ಕಷ್ಟ. ಸಿಂಗಲ್ಸ್‌ನಲ್ಲಿ ಎದುರಾಳಿಯನ್ನು ಮೂಲೆಯಿಂದ ಮೂಲೆಗೆ ಓಡಿಸಿ ಸುಸ್ತು ಮಾಡಬಹುದು. ಡಬಲ್ಸ್‌ನಲ್ಲಿ ಆ ಲೆಕ್ಕ ನಡೆಯುವುದು ಕಮ್ಮಿ. ಇಲ್ಲಿ ಬೇಕಾದದ್ದು ವೇಗ, ಮತ್ತು ಶಟಲ್ ಮೇಲೇಳದಂತೆ ನೋಡಿಕೊಳ್ಳುವ ಹಟ.

ಯಾಕೆಂದರೆ ಶಟಲ್ ಎತ್ತರಕ್ಕೆ ಹೋದರೆ ಎದುರಿನವರು ಸ್ಮ್ಯಾಶ್, ಅಂದರೆ ಮೇಲಿಂದ ಕೆಳಕ್ಕೆ ಜೋರಾದ ಹೊಡೆತ, ಹೊಡೆಯುತ್ತಾರೆ. ಸಾತ್ವಿಕ್ 2023ರಲ್ಲಿ ಜಪಾನಿನಲ್ಲಿ ನಡೆದ ಅಳತೆಯಲ್ಲಿ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ಇತ್ತು, ಗಿನ್ನೆಸ್ ದಾಖಲೆ. ಅದು ರ‍್ಯಾಕೆಟ್ ಬಿಡುವ ಕ್ಷಣದ ವೇಗ. 16 ಗರಿಗಳ, ಐದು ಗ್ರಾಂ ಆಸುಪಾಸಿನ ಶಟಲ್ ಗಾಳಿಯಲ್ಲಿ ಬೇಗ ನಿಧಾನವಾಗುತ್ತದೆ, ಇಲ್ಲದಿದ್ದರೆ ಎದುರು ನಿಲ್ಲುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಅದಕ್ಕೇ ಡಬಲ್ಸ್‌ನಲ್ಲಿ ಸರ್ವಿಸ್ ತೀರಾ ತಗ್ಗಿನಲ್ಲಿ, ನೆಟ್ಟಿಗೆ ತಾಗಿತೇನೋ ಎನ್ನುವ ಹಾಗೆ ಹೋಗುತ್ತದೆ. ಸರ್ವಿಸ್, ಅದರ ವಾಪಸಾತಿ, ಆಮೇಲಿನ ಒಂದು ಹೊಡೆತ. ಈ ಮೂರರಲ್ಲೇ ಎಷ್ಟೋ ಪಾಯಿಂಟ್‌ಗಳ ಹಣೆಬರಹ ತೀರ್ಮಾನ ಆಗಿಬಿಡುತ್ತದೆ.

ಇನ್ನು ನಿಲ್ಲುವ ಜಾಗ. ನಮ್ಮ ಬೆಳಗಿನ ಆಟದಲ್ಲಿ ಒಬ್ಬರು ಎಡ, ಒಬ್ಬರು ಬಲ ಎಂದು ಗೆರೆ ಎಳೆದಂತೆ ಹಂಚಿಕೊಂಡು ಕೊನೇತನಕ ಹಾಗೇ ನಿಲ್ಲುತ್ತಾರೆ. ಶಟಲ್ ನಡುವೆ ಬಂದರೆ ‘ನಿಂದು, ನಿಂದು’ ಅಂತ ಕೂಗಾಡಿ, ಅದು ನೆಲಕ್ಕೆ ಬಿದ್ದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ದೊಡ್ಡ ಆಟದಲ್ಲಿ ಹಾಗಲ್ಲ. ದಾಳಿ ಮಾಡುವಾಗ ಒಬ್ಬರು ಹಿಂದೆ, ಒಬ್ಬರು ನೆಟ್ ಹತ್ತಿರ. ಹಿಂದಿನವರು ಸ್ಮ್ಯಾಶ್ ಹೊಡೆಯುತ್ತಾರೆ, ಮುಂದಿನವರು ವಾಪಸ್ ಬಂದ ಮೆತ್ತನೆಯ ಶಟಲ್ ಮುಗಿಸುತ್ತಾರೆ. ತಾವೇ ಶಟಲ್ ಎತ್ತಬೇಕಾಗಿ ಬಂದರೆ ತಕ್ಷಣ ಇಬ್ಬರೂ ಅಕ್ಕಪಕ್ಕ ಬಂದು ರಕ್ಷಣೆಗೆ ನಿಲ್ಲುತ್ತಾರೆ. ಈ ಅದಲುಬದಲಿಗೆ ರೊಟೇಷನ್ ಎನ್ನುತ್ತಾರೆ.

ನಮ್ಮೂರ ಬೆಣ್ಣೆ ದೋಸೆ ಹೋಟೆಲಿನ ಒಲೆ ಮುಂದೆ ಒಂದು ನಿಮಿಷ ನಿಂತು ನೋಡಿ. ದೋಸೆ ಹಾಕುತ್ತಿದ್ದವನು ಕಟ್ಟಿಗೆ ಒಟ್ಟಲು ಬಗ್ಗಿದ ಕೂಡಲೇ ಪಕ್ಕದವನು ಬಾಯಿಬಿಟ್ಟು ಕೇಳದೆ ಕಾವಲಿ ಮುಂದೆ ಬಂದಿರುತ್ತಾನೆ. ಇವನು ಎದ್ದಾಗ ಅವನ ಪ್ಲೇಟ್ ಕೆಲಸ ಹಿಡಿಯುತ್ತಾನೆ. ರೊಟೇಷನ್ ಅಂದರೆ ಇಷ್ಟೇ. ಆದರೆ ಇದು ಅರೆ ಸೆಕೆಂಡಿನಲ್ಲಿ ಆಗಬೇಕು. ಟಿವಿಯಲ್ಲಿ ಡಬಲ್ಸ್ ಬಂದಾಗ ಶಟಲ್ ಹೊಡೆಯುವವರನ್ನು ಬಿಟ್ಟು, ಹೊಡೆಯದೆ ಇರುವವರ ಕಾಲು ನೋಡಿ. ಆಟ ಬೇರೆಯೇ ಕಾಣುತ್ತದೆ.

ಪಾರ್ಕ್ ಜೂ ಬಾಂಗ್ ಯಾರು?

1964ರಲ್ಲಿ ಹುಟ್ಟಿದವರು. 1980ರ ದಶಕದ ನಡುವಿನಿಂದ ಹತ್ತು ವರ್ಷ ಡಬಲ್ಸ್ ಅಂದರೆ ಇವರ ಹೆಸರೇ ಮೊದಲು ಬರುತ್ತಿತ್ತು. 1985ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಿಮ್ ಮೂನ್ ಸೂ ಜೊತೆ ಪುರುಷರ ಡಬಲ್ಸ್, ಯೂ ಸಾಂಗ್ ಹೀ ಜೊತೆ ಮಿಕ್ಸೆಡ್ ಡಬಲ್ಸ್ (ಒಬ್ಬ ಪುರುಷ, ಒಬ್ಬ ಮಹಿಳೆಯ ಜೋಡಿ), ಎರಡೂ ಗೆದ್ದರು. 1989ರಲ್ಲಿ ಜಕಾರ್ತಾದಲ್ಲಿ ಚುಂಗ್ ಮ್ಯುಂಗ್ ಹೀ ಜೊತೆ ಮತ್ತೆ ಮಿಕ್ಸೆಡ್. 1991ರಲ್ಲಿ ಕೋಪನ್‌ಹೇಗನ್‌ನಲ್ಲಿ ಪುನಃ ಎರಡೂ. ಒಟ್ಟು ಐದು ವಿಶ್ವ ಪಟ್ಟ, ಮೂರು ಬೇರೆ ಬೇರೆ ಜೊತೆಗಾರರ ಜೊತೆ. ಈ ಕೊನೆಯ ವಿಷಯ ಗಮನಿಸಿ. ಜೊತೆಗಾರ ಬದಲಾದರೂ ಗೆಲ್ಲುತ್ತಿದ್ದರು ಅಂದರೆ ಎದುರಿನವರ ಆಟದ ಜೊತೆಗೆ ಪಕ್ಕದವರ ಆಟವನ್ನೂ ಓದುತ್ತಿದ್ದರು. ಮುಂದೆ ಕೋಚ್ ಆಗುವವರಿಗೆ ಇದಕ್ಕಿಂತ ದೊಡ್ಡ ಬಂಡವಾಳ ಯಾವುದಿದೆ?

ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ಗೆ ಪದಕದ ಆಟವಾಗಿ ಬಂದದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. ಆ ಮೊದಲ ಸಲವೇ ಪಾರ್ಕ್ ಮತ್ತು ಕಿಮ್ ಇಂಡೋನೇಷ್ಯಾ ಜೋಡಿಯನ್ನು ಸೋಲಿಸಿ ಚಿನ್ನ ಪಡೆದರು. ಆಗ ಮಿಕ್ಸೆಡ್ ಡಬಲ್ಸ್ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಅದು ಸೇರಿದ್ದು 1996ರ ಅಟ್ಲಾಂಟಾದಲ್ಲಿ. ಆಟ ಬಿಟ್ಟಿದ್ದ ಪಾರ್ಕ್ ಅದಕ್ಕಾಗಿ ಮರಳಿ ಬಂದರು. ವಯಸ್ಸು 31. ರಾ ಕ್ಯುಂಗ್ ಮಿನ್ ಜೊತೆ ಫೈನಲ್‌ವರೆಗೆ ಹೋಗಿ ತಮ್ಮದೇ ದೇಶದ ಕಿಮ್ ಡಾಂಗ್ ಮೂನ್ ಮತ್ತು ಗಿಲ್ ಯಂಗ್ ಆ ಜೋಡಿಗೆ ಸೋತು ಬೆಳ್ಳಿ ಪಡೆದರು. ಗಿಲ್ ಯಂಗ್ ಆ ಎಂಬ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವರ ಕಾಲದ ಲೆಕ್ಕವೇ ಬೇರೆ ಇತ್ತು. ಗೇಮ್ 15 ಪಾಯಿಂಟ್‌ಗೆ. ಸರ್ವಿಸ್ ಮಾಡುವವರಿಗೆ ಮಾತ್ರ ಪಾಯಿಂಟ್. ಡಬಲ್ಸ್‌ನಲ್ಲಿ ಒಂದು ಜೋಡಿಗೆ ಎರಡು ಸರದಿ ಸರ್ವಿಸ್. ನಮ್ಮಲ್ಲಿ ಐವತ್ತು ದಾಟಿದ ಆಟಗಾರರು ಈಗಲೂ ಕೆಲವೊಮ್ಮೆ ‘ಸೆಕೆಂಡ್ ಸರ್ವಿಸ್ ಯಾರದು?’ ಎಂದು ಕೇಳುವುದು ಆ ಹಳೇ ರೂಢಿಯಿಂದ. 2006ರಿಂದ 21 ಪಾಯಿಂಟ್ ಬಂತು, ಯಾರು ರ‍್ಯಾಲಿ (ಸರ್ವಿಸ್‌ನಿಂದ ಶಟಲ್ ಬೀಳುವ ತನಕದ ಆಟ) ಗೆದ್ದರೂ ಪಾಯಿಂಟ್, ಜೋಡಿಗೆ ಒಂದೇ ಸರ್ವಿಸ್. ತಪ್ಪು ಮಾಡಿದರೆ ನೇರ ಪಾಯಿಂಟ್ ಹೋಗುವುದರಿಂದ ಆಟ ಮತ್ತಷ್ಟು ಚುರುಕಾಯಿತು.

ಕೋಚ್ ಮಾಡುವ ಕೆಲಸ ಏನು?

ಪಂದ್ಯದ ದಿನ ಕೋಚ್‌ಗೆ ಸಿಗುವ ಸಮಯ ತೀರಾ ಕಡಿಮೆ. ಕೋರ್ಟಿನ ಹಿಂದೆ ಕುರ್ಚಿಯಲ್ಲಿ ಕೂರಬೇಕು. ಶಟಲ್ ಆಟದಲ್ಲಿರುವಾಗ ಮಾತಾಡುವ ಹಾಗಿಲ್ಲ. ಒಂದು ಕಡೆ 11 ಪಾಯಿಂಟ್ ಆದಾಗ ಒಂದು ನಿಮಿಷ, ಎರಡು ಗೇಮ್‌ಗಳ ನಡುವೆ ಎರಡು ನಿಮಿಷ ಬಿಡುವು. ಅಷ್ಟರಲ್ಲಿ ಹೇಳಬೇಕಾದದ್ದು ಹೇಳಿ ಮುಗಿಸಬೇಕು. ಹಾಗಾಗಿ ನಿಜವಾದ ಕೆಲಸ ಎಲ್ಲ ಅಭ್ಯಾಸದಲ್ಲೇ.

ಆ ಅಭ್ಯಾಸ ಹತ್ತಿರದಿಂದ ಹೇಗಿರುತ್ತದೆ? ಮಲ್ಟಿ ಶಟಲ್ ಎಂದು ಒಂದು ಕ್ರಮ ಇದೆ, ದಾವಣಗೆರೆಯ ಶಿಬಿರಗಳಲ್ಲೂ ನೋಡಲು ಸಿಗುತ್ತದೆ. ಕೋಚ್ ಎಡಗೈ ಮೇಲೆ ಒಂದರೊಳಗೊಂದು ಸಿಕ್ಕಿಸಿದ ಶಟಲ್‌ಗಳ ಉದ್ದ ಸಾಲು, ಮೊಣಕೈವರೆಗೆ. ಬಲಗೈಯಲ್ಲಿ ರ‍್ಯಾಕೆಟ್. ಒಂದೊಂದೇ ಕಿತ್ತು ಹೊಡೆಯುತ್ತಾ ಹೋಗುತ್ತಾರೆ, ಉಸಿರು ತೆಗೆದುಕೊಳ್ಳಲೂ ಬಿಡದ ಹಾಗೆ. ಒಂದು ಹಿಂದಕ್ಕೆ, ಒಂದು ನೆಟ್ಟಿಗೆ, ಒಂದು ನೇರ ಹೊಟ್ಟೆಗೆ. ಐದು ನಿಮಿಷದಲ್ಲಿ ನೆಲದ ತುಂಬ ಗರಿ. ಸಿಂಗಲ್ಸ್ ಹುಡುಗನಾದರೆ ಒಬ್ಬನೇ ಎಲ್ಲದಕ್ಕೂ ಓಡುತ್ತಾನೆ. ಡಬಲ್ಸ್‌ನಲ್ಲಿ ಇಬ್ಬರನ್ನೂ ನಿಲ್ಲಿಸುತ್ತಾರೆ. ಮೊದಲನೆಯದನ್ನು ಅವನು ಹೊಡೆದರೆ ಎರಡನೆಯದು ಯಾರದು, ಮೂರನೆಯದಕ್ಕೆ ಇಬ್ಬರೂ ಎಲ್ಲಿರಬೇಕು ಎನ್ನುವುದನ್ನು ಸಾವಿರ ಸಲ ಮಾಡಿಸಿ ಮೈಗೆ ಹತ್ತಿಸುತ್ತಾರೆ. ಇಲ್ಲಿ ಬೇಕಾಗುವುದು ಶಟಲ್ ಹೊಡೆದು ಕೊಡುವ ಕೈ ಅಷ್ಟೇ ಅಲ್ಲ, ಯಾವ ಶಟಲ್ ಆದ ಮೇಲೆ ಯಾವುದು ಬರುತ್ತದೆ ಎಂದು ಗೊತ್ತಿರುವ ತಲೆ. ಅದು ದೊಡ್ಡ ಮಟ್ಟದಲ್ಲಿ ಡಬಲ್ಸ್ ಆಡಿದವರ ಬಳಿ ಇರುತ್ತದೆ. ಹಳೇ ಡಬಲ್ಸ್ ಚಾಂಪಿಯನ್ನರಿಗೆ ಪರದೇಶಗಳಲ್ಲಿ ಬೇಡಿಕೆ ಬರುವುದು ಇದರಿಂದಲೇ.

ಜೋಡಿ ಕಟ್ಟುವುದೂ ಕೋಚ್ ಕೆಲಸವೇ. ಯಾರ ಜೊತೆ ಯಾರನ್ನು ಹಾಕಬೇಕು ಎನ್ನುವುದು ಮದುವೆ ದಲ್ಲಾಳಿಗೂ ಅಷ್ಟು ಸುಲಭವಲ್ಲದ ವಿಷಯ.

ಜಪಾನಿನಲ್ಲಿ ನಡೆದದ್ದು

ಆಟ ನಿಲ್ಲಿಸಿದ ಮೇಲೆ ಪಾರ್ಕ್ ಇಂಗ್ಲೆಂಡಿನಲ್ಲಿ, ಆಮೇಲೆ ಮಲೇಷ್ಯಾದಲ್ಲಿ ಕೋಚ್ ಆಗಿದ್ದರು. 2004ರ ಕೊನೆಯಲ್ಲಿ ಜಪಾನ್ ತಂಡದ ಮುಖ್ಯ ಕೋಚ್ ಆದರು. ಎರಡು ದಶಕ ಅಲ್ಲೇ ಇದ್ದರು. ಒಂದು ದೇಶದ ತಂಡ ಹೊರಗಿನವರೊಬ್ಬರ ಕೈಯಲ್ಲಿ ಇಷ್ಟು ದಿನ ಇರುವುದು ಅಪರೂಪ.

ಅವರು ಹೋದಾಗ ಜಪಾನ್‌ಗೆ ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಒಂದೂ ಪದಕ ಇರಲಿಲ್ಲ. ಆಟಗಾರರು ಇರಲಿಲ್ಲ ಅಂತಲ್ಲ. ಅಲ್ಲಿ ಒಳ್ಳೆಯ ಆಟಗಾರರು ಕಂಪನಿ ತಂಡಗಳಿಗೆ ಸೇರಿದವರು. ಸಂಬಳ ಕಂಪನಿಯದು, ಅಭ್ಯಾಸ ಕಂಪನಿಯ ಕೋರ್ಟಿನಲ್ಲಿ, ದೇಶದೊಳಗಿನ ಕಂಪನಿ ಲೀಗ್ ಗೆಲ್ಲುವುದೇ ದೊಡ್ಡ ಗುರಿ. ರಾಷ್ಟ್ರೀಯ ತಂಡ ಅಂದರೆ ಟೂರ್ನಿ ಬಂದಾಗ ಸೇರಿ, ಮುಗಿದ ಮೇಲೆ ಚದುರುವ ಗುಂಪು. ಸಿಂಗಲ್ಸ್‌ನವರು ಹೇಗೋ ನಿಭಾಯಿಸಬಹುದು. ಬೇರೆ ಬೇರೆ ಕಡೆ ಅಭ್ಯಾಸ ಮಾಡುವ ಇಬ್ಬರು ಡಬಲ್ಸ್‌ನಲ್ಲಿ ಹೇಗೆ ಹೊಂದಿಕೊಳ್ಳುತ್ತಾರೆ?

ಪಾರ್ಕ್ ಹಿಡಿದ ಪಟ್ಟು ಒಂದೇ: ರಾಷ್ಟ್ರೀಯ ತಂಡದವರು ಒಂದೇ ಕಡೆ, ಹೆಚ್ಚು ದಿನ, ಒಟ್ಟಿಗೆ ಅಭ್ಯಾಸ ಮಾಡಬೇಕು. ಕಂಪನಿಗಳನ್ನು ಒಪ್ಪಿಸುವುದು ಸುಮ್ನೆ ಆಗುವ ಮಾತಲ್ಲ. 2008ರಲ್ಲಿ ಟೋಕಿಯೊದಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರ ಶುರುವಾದದ್ದು ಇದಕ್ಕೆ ಅನುಕೂಲವಾಯಿತು. ಹೊಸ ಹೊಡೆತ ಕಲಿಸಿದ್ದಕ್ಕಿಂತ ಈ ಏರ್ಪಾಡು ಬದಲಿಸಿದ್ದೇ ಅವರ ದೊಡ್ಡ ಕೆಲಸ ಎನ್ನುವುದು ನನ್ನ ಲೆಕ್ಕ.

ಫಲ ನಿಧಾನವಾಗಿ ಬಂತು. 2008ರ ಬೀಜಿಂಗ್‌ನಲ್ಲಿ ಮಹಿಳಾ ಡಬಲ್ಸ್ ಜೋಡಿ ನಾಲ್ಕನೇ ಸ್ಥಾನದಲ್ಲಿ ನಿಂತಿತು, ಪದಕ ಕೈಗೆ ಬಂದು ಜಾರಿತು. 2012ರ ಲಂಡನ್‌ನಲ್ಲಿ ಮಿಜುಕಿ ಫುಜಿ ಮತ್ತು ರೇಕಾ ಕಾಕಿಇವಾ ಬೆಳ್ಳಿ ಗೆದ್ದರು. ಜಪಾನಿನ ಮೊದಲ ಒಲಿಂಪಿಕ್ ಬ್ಯಾಡ್ಮಿಂಟನ್ ಪದಕ, ಅದೂ ಡಬಲ್ಸ್‌ನಲ್ಲಿ. 2014ರಲ್ಲಿ ನಮ್ಮ ದೆಹಲಿಯಲ್ಲೇ ಜಪಾನಿನ ಪುರುಷರು ಮಲೇಷ್ಯಾವನ್ನು 3-2ರಿಂದ ಸೋಲಿಸಿ ಥಾಮಸ್ ಕಪ್ ಎತ್ತಿದರು. ಥಾಮಸ್ ಕಪ್ ಅಂದರೆ ಪುರುಷರ ತಂಡಗಳ ವಿಶ್ವ ಪ್ರಶಸ್ತಿ, ಒಂದು ಪಂದ್ಯದಲ್ಲಿ ಮೂರು ಸಿಂಗಲ್ಸ್, ಎರಡು ಡಬಲ್ಸ್. 2022ರಲ್ಲಿ ಭಾರತ ಗೆದ್ದದ್ದೂ ಇದೇ ಕಪ್. ಮಹಿಳೆಯರ ಊಬರ್ ಕಪ್ಪನ್ನು ಜಪಾನ್ 2018ರಲ್ಲಿ ಗೆದ್ದಿತು, 1981ರ ನಂತರ ಮೊದಲ ಸಲ.

ರಿಯೊ: ಕೊನೆಯ ಐದು ಪಾಯಿಂಟ್

2016ರ ರಿಯೊ ಒಲಿಂಪಿಕ್ಸ್ ಎಂದರೆ ನಮಗೆ ನೆನಪಾಗುವುದು ಸಿಂಧು ಬೆಳ್ಳಿ. ಜಪಾನಿನವರಿಗೆ ಅದು ಅಯಾಕಾ ತಕಹಾಶಿ ಮತ್ತು ಮಿಸಾಕಿ ಮಾಟ್ಸುಟೊಮೊ ಮಹಿಳಾ ಡಬಲ್ಸ್ ಗೆದ್ದ ವರ್ಷ. ಇಬ್ಬರೂ ಸೆಂಡೈ ನಗರದ ಒಂದೇ ಶಾಲೆಯಲ್ಲಿ ಓದಿದವರು, ತಕಹಾಶಿ ಒಂದು ತರಗತಿ ಮುಂದಿದ್ದವರು. ಹಿಂದಿನಿಂದ ಸ್ಮ್ಯಾಶ್ ತಕಹಾಶಿಯದು. ನೆಟ್ ಹತ್ತಿರ ಮಾಟ್ಸುಟೊಮೊ, ಶಟಲ್ ಎಲ್ಲಿ ಬರುತ್ತದೆ ಎಂದು ಮೊದಲೇ ಗೊತ್ತಿದ್ದವರಂತೆ ಕಾಯುವ ಹುಡುಗಿ.

ಫೈನಲ್‌ನಲ್ಲಿ ಎದುರು ಡೆನ್ಮಾರ್ಕಿನ ಕ್ರಿಸ್ಟಿನ್ನಾ ಪೆಡರ್ಸನ್ ಮತ್ತು ಕಮಿಲ್ಲಾ ರಿಟ್ಟರ್ ಯೂಲ್. ಮೊದಲ ಗೇಮ್ ಡೆನ್ಮಾರ್ಕಿಗೆ 21-18. ಎರಡನೆಯದು ಜಪಾನಿಗೆ 21-9. ಮೂರನೆಯದರಲ್ಲಿ ಡೆನ್ಮಾರ್ಕ್ 19, ಜಪಾನ್ 16. ಚಿನ್ನಕ್ಕೆ ಡೆನ್ಮಾರ್ಕಿಗೆ ಬೇಕಿದ್ದದ್ದು ಎರಡೇ ಪಾಯಿಂಟ್. ಅಲ್ಲಿಂದ ಜಪಾನ್ ಸತತ ಐದು ಪಾಯಿಂಟ್ ತೆಗೆದುಕೊಂಡು 21-19ಕ್ಕೆ ಮುಗಿಸಿತು. ಬ್ಯಾಡ್ಮಿಂಟನ್‌ನಲ್ಲಿ ಜಪಾನಿನ ಮೊದಲ ಒಲಿಂಪಿಕ್ ಚಿನ್ನ. ಇಂಥ ಹೊತ್ತಲ್ಲಿ ಕೋಚ್ ಕೂಗಿ ಏನೂ ಪ್ರಯೋಜನ ಇಲ್ಲ. ಇಬ್ಬರ ಕಾಲೂ ತಾನಾಗಿ ಸರಿಯಾದ ಜಾಗಕ್ಕೆ ಹೋಗಬೇಕು, ಅಷ್ಟೇ.

ಎಲ್ಲ ಹೂವಿನ ಹಾದಿಯೇನಲ್ಲ. ಸ್ವಂತ ನೆಲದ ಟೋಕಿಯೊ ಒಲಿಂಪಿಕ್ಸ್‌ಗೆ ಜಪಾನ್ ದೊಡ್ಡ ನಿರೀಕ್ಷೆ ಇಟ್ಟುಕೊಂಡು ಹೋಗಿ ಬ್ಯಾಡ್ಮಿಂಟನ್‌ನಲ್ಲಿ ಒಂದೇ ಕಂಚು ಪಡೆಯಿತು. 2024ರ ಪ್ಯಾರಿಸ್‌ನಲ್ಲಿ ಎರಡು ಕಂಚು.

ಭಾರತಕ್ಕೆ ಹೊರಗಿನವರು ಯಾಕೆ?

ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೂರು ಬ್ಯಾಡ್ಮಿಂಟನ್ ಪದಕಗಳೂ ಸಿಂಗಲ್ಸ್‌ನವು: 2012ರಲ್ಲಿ ಸೈನಾ, 2016ರಲ್ಲಿ ಮತ್ತು ಟೋಕಿಯೊದಲ್ಲಿ ಸಿಂಧು. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದಾಗಿನಿಂದ ನಮ್ಮ ಗುರುಗಳೂ ಹೆಚ್ಚಾಗಿ ಸಿಂಗಲ್ಸ್‌ನವರೇ. ಡಬಲ್ಸ್‌ನಲ್ಲಿ ಜ್ವಾಲಾ ಗುಟ್ಟಾ ಮತ್ತು ನಮ್ಮ ಅಶ್ವಿನಿ ಪೊನ್ನಪ್ಪ 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದು ದಾರಿ ತೋರಿಸಿದ್ದರು. ಆದರೆ ಪೀಳಿಗೆಯಿಂದ ಪೀಳಿಗೆಗೆ ಕೈಬದಲಾಗುವ ಡಬಲ್ಸ್ ಪಾಠ ನಮ್ಮಲ್ಲಿ ಇರಲಿಲ್ಲ. ಇಂಡೋನೇಷ್ಯಾ, ಮಲೇಷ್ಯಾ, ಕೊರಿಯಾ, ಡೆನ್ಮಾರ್ಕ್‌ಗಳಲ್ಲಿ ಇತ್ತು.

ಮಲೇಷ್ಯಾದ ತಾನ್ ಕಿಮ್ ಹರ್ 2015ರಲ್ಲಿ ಭಾರತಕ್ಕೆ ಬಂದರು. ಸಾತ್ವಿಕ್ ಮತ್ತು ಚಿರಾಗ್‌ರನ್ನು ಜೋಡಿ ಮಾಡಿದ್ದು ಅವರೇ. ಇಬ್ಬರೂ ಎತ್ತರದವರು, ಇಬ್ಬರೂ ಹಿಂದೆ ನಿಂತು ಸ್ಮ್ಯಾಶ್ ಹೊಡೆಯಲು ಇಷ್ಟಪಡುವವರು. ಒಬ್ಬರು ಮುಂದಿನ ಆಟ ಕಲಿಯಲೇಬೇಕಿತ್ತು. 2019ರಲ್ಲಿ ತಾನ್ ಭಾರತ ಬಿಟ್ಟು ಹೋದದ್ದೆಲ್ಲಿಗೆ? ಪಾರ್ಕ್ ಇದ್ದ ಜಪಾನ್ ತಂಡಕ್ಕೆ. ಅಲ್ಲಿ ಟಕುರೊ ಹೋಕಿ ಮತ್ತು ಯುಗೊ ಕೊಬಾಯಾಶಿ 2021ರಲ್ಲಿ ಜಪಾನಿಗೆ ಪುರುಷರ ಡಬಲ್ಸ್‌ನ ಮೊದಲ ವಿಶ್ವ ಪಟ್ಟ ತಂದರು. ಇತ್ತ ನಮ್ಮ ಜೋಡಿಗೆ ಡೆನ್ಮಾರ್ಕಿನ ಮಥಿಯಾಸ್ ಬೋ ಬಂದರು. 2012ರ ಒಲಿಂಪಿಕ್ಸ್ ಡಬಲ್ಸ್ ಬೆಳ್ಳಿ ಗೆದ್ದವರು. (ನಟಿ ತಾಪ್ಸಿ ಪನ್ನು ಅವರ ಪತಿ ಅಂದರೆ ಕೆಲವರಿಗೆ ಬೇಗ ಗೊತ್ತಾಗುತ್ತದೆ.) ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಸಾತ್ವಿಕ್–ಚಿರಾಗ್ ಮಲೇಷ್ಯಾದ ಆರನ್ ಚಿಯಾ ಮತ್ತು ಸೋ ವೂಯಿ ಯಿಕ್‌ಗೆ ಸೋತ ಮೇಲೆ ಬೋ ಹೊರಟರು, ತಾನ್ ಮರಳಿ ಬಂದರು.

ಆ ಮಲೇಷ್ಯಾ ಜೋಡಿ 2022ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅಲ್ಲಿ ಡಬಲ್ಸ್ ವಿಭಾಗ ನೋಡಿಕೊಳ್ಳುತ್ತಿದ್ದವರು ಇಂಡೋನೇಷ್ಯಾದ ರೆಕ್ಸಿ ಮೈನಾಕಿ, 1996ರ ಒಲಿಂಪಿಕ್ ಡಬಲ್ಸ್ ಚಾಂಪಿಯನ್. ಹೀಗೆ ಕೆಲವೇ ಜನ ದೇಶದಿಂದ ದೇಶಕ್ಕೆ ಸುತ್ತುತ್ತಿರುತ್ತಾರೆ. ಸ್ವಂತ ದೇಶವನ್ನೇ ಸೋಲಿಸಲು ಬೇರೆಯವರಿಗೆ ಹೇಳಿಕೊಡುವುದು ಇವರ ಕಸುಬಿನಲ್ಲಿ ದಿನದ ಮಾತು. ನಾವು ಹೊರಗಿನವರೆಂದು ಹುಬ್ಬೇರಿಸಬಹುದು, ಅವರು ಹುಬ್ಬೇರಿಸುವುದಿಲ್ಲ.

ಮತ್ತೆ ಕೊರಿಯಾಗೆ

2025ರಲ್ಲಿ ಪಾರ್ಕ್ ಜಪಾನ್ ಬಿಟ್ಟು ಕೊರಿಯಾ ತಂಡದ ಮುಖ್ಯ ಕೋಚ್ ಆದರು. ಅರವತ್ತು ದಾಟಿದ ಮೇಲೆ ತವರಿನ ಕೆಲಸ. ಆ ಆಗಸ್ಟ್‌ನಲ್ಲೇ, ನಮ್ಮವರು ಕಂಚು ಗೆದ್ದ ಅದೇ ಪ್ಯಾರಿಸ್ ಕೂಟದಲ್ಲಿ, ಕೊರಿಯಾದ ಕಿಮ್ ವೊನ್ ಹೋ ಮತ್ತು ಸಿಯೊ ಸ್ಯುಂಗ್ ಜೇ ಪುರುಷರ ಡಬಲ್ಸ್ ವಿಶ್ವ ಚಾಂಪಿಯನ್ ಆದರು. ಕಿಮ್ ವೊನ್ ಹೋ ಅವರ ತಾಯಿ ಗಿಲ್ ಯಂಗ್ ಆ. 1996ರ ಫೈನಲ್‌ನಲ್ಲಿ ಪಾರ್ಕ್‌ರನ್ನು ಸೋಲಿಸಿದ್ದ ಅದೇ ಆಟಗಾರ್ತಿ.

ನಮ್ಮ ಮಕ್ಕಳ ಮಾತು

ಚಿಕ್ಕ ಮಕ್ಕಳನ್ನು ನೇರ ಡಬಲ್ಸ್‌ಗೆ ಹಾಕಬೇಕಾ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಮೊದಲು ಕಾಲಿನ ಚಲನೆ ಮತ್ತು ಎಲ್ಲ ಹೊಡೆತಗಳು ಬರಬೇಕು. ಅದಕ್ಕೆ ಸಿಂಗಲ್ಸ್ ಆಟ ಒಳ್ಳೆಯದು. ಡಬಲ್ಸ್ ಜೊತೆಜೊತೆಗೆ ನಡೆಯಲಿ. ಹತ್ತು ವರ್ಷದ ಹುಡುಗನಿಗೆ ಇದೊಂದೇ ಎಂದು ತೀರ್ಮಾನಿಸುವ ಅವಸರ ಬೇಡ.

ಶಿಬಿರದಲ್ಲಿ ಡಬಲ್ಸ್ ನಿಜವಾಗಿ ಕಲಿಸುತ್ತಿದ್ದಾರಾ ಎಂದು ತಿಳಿಯಲು ಒಂದು ಸಂಜೆ ಗ್ಯಾಲರಿಯಲ್ಲಿ ಕೂತು ನೋಡಿದರೆ ಸಾಕು. ನಾಲ್ವರನ್ನು ಕೋರ್ಟಿಗಿಳಿಸಿ ಇಪ್ಪತ್ತೊಂದರವರೆಗೆ ಆಡಿಸಿ ಕಳಿಸಿದರೆ ಅದು ಆಟ, ಪಾಠ ಅಲ್ಲ. ಕೋಚ್ ರ‍್ಯಾಲಿ ನಡುವೆ ನಿಲ್ಲಿಸಿ, ‘ಅವನು ಹಿಂದೆ ಹೋದಾಗ ನೀನೆಲ್ಲಿ ಇರಬೇಕಿತ್ತು?’ ಎಂದು ಹೊಡೆಯದ ಹುಡುಗನನ್ನು ಕೇಳುತ್ತಿದ್ದರೆ, ತಿಂಗಳ ಫೀಸು ಸರಿಯಾದ ಕಡೆ ಹೋಗುತ್ತಿದೆ.